ಹುಳುಗಳನ್ನೂ ಹೂವುಗಳನ್ನೂ ಸಮೀಪದಿಂದ ಚಿತ್ರ ತೆಗೆಯುವ ಕ್ರಮ

ಪೈರಿಗೆ ಬಿದ್ದ ಹುಳುವನ್ನು ನಿವಾರಿಸಬೇಕಾದರೆ ಅದು ಯಾವ ಹುಳುವೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕಾದುದು ಆವಶ್ಯಕವು. ಹಿಂದೆ ವ್ಯವಸಾಯಗಾರನು ಹುಳುವನ್ನು ಬೆಂಕಿಪೆಟ್ಟಿಗೆಯಲ್ಲಿಯೋ ಎಲೆಯ ಪೊಟ್ಟಣದಲ್ಲಿಯೋ ಇಟ್ಟುಕೊಂಡು ಕಛೇರಿಗೆ ತರುತ್ತಿದ್ದನು. ಅದು ತಲಪುವುದರೊಳಗಾಗಿ ಮುದುಡಿ, ಬಣ್ಣಗೆಟ್ಟು, ಎಷ್ಟೋ ವೇಳೆ ಗುರುತಿಸಲಾರದಂತಾಗುತ್ತಿದ್ದಿತು. ಈಗ ಹೊಲದಲ್ಲಿಯೇ ನಿಂತು ಮೊಬೈಲ್ ಫೋನಿನಿಂದ ಚಿತ್ರವನ್ನು ತೆಗೆದು, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕಾಗಲಿ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಕಳುಹಿಸುವುದು ರೂಢಿಗೆ ಬಂದಿದೆ. ಇದು ಒಳ್ಳೆಯ ಪದ್ಧತಿಯೇ ಸರಿ. ಆದರೆ ಚಿತ್ರದಲ್ಲಿ ಹಸುರು ಎಲೆಯ ನಡುವೆ ಮಸಕಾದ ಕಂದು ಮಚ್ಚೆಯೊಂದಲ್ಲದೆ ಬೇರೇನೂ ಕಾಣದಿದ್ದಲ್ಲಿ, ಔಷಧವನ್ನು ಸೂಚಿಸುವವರು ಕೇವಲ ಊಹೆಯಿಂದ ಸೂಚಿಸಬೇಕಾಗುವುದು. ಊಹೆಯು ತಪ್ಪಿದರೆ ಔಷಧದ ಹಣವೂ ಕೂಲಿಯೂ ವ್ಯರ್ಥವಾಗುವುದಲ್ಲದೆ, ಹುಳುವನ್ನು ತಡೆಯಬಹುದಾಗಿದ್ದ ನಾಲ್ಕಾರು ದಿನಗಳೂ ಕಳೆದುಹೋಗುವುವು. ಆದ್ದರಿಂದ ಗುರುತಿಸುವುದಕ್ಕೆ ಯೋಗ್ಯವಾದ ಚಿತ್ರವೆಂದರೆ ಎಂತಹುದು, ಅದನ್ನು ತೆಗೆಯುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗುವುದು.

ಛಾಯಾಚಿತ್ರಗಳು ಬಳಕೆಗೆ ಬರುವುದಕ್ಕೆ ಮುಂಚೆ ಕೀಟಶಾಸ್ತ್ರಜ್ಞರು ಚಿತ್ರಗಾರರ ಕೈಯಿಂದ ಹುಳುಗಳ ಚಿತ್ರಗಳನ್ನು ಬರೆಯಿಸುತ್ತಿದ್ದರು. ೧೯೧೪ರಲ್ಲಿ ಮದರಾಸಿನಲ್ಲಿ ಪ್ರಕಟವಾದ, ದಕ್ಷಿಣ ಹಿಂದೂಸ್ಥಾನದ ಕೀಟಗಳನ್ನು ಕುರಿತ ಬೇನ್‌ಬ್ರಿಗ್ ಫ್ಲೆಚರ್ ಎಂಬುವರ ಗ್ರಂಥದಲ್ಲಿ ಇಂತಹ ವರ್ಣಚಿತ್ರಗಳಿವೆ. ಬರೆಯುವವನಿಗೆ ಒಂದು ಅನುಕೂಲವಿದ್ದಿತು. ಯಾವ ಗುರುತು ಮುಖ್ಯವೋ ಅದನ್ನು ಸ್ಪಷ್ಟವಾಗಿ ಬರೆದು, ಅಮುಖ್ಯವಾದುದನ್ನು ಬಿಟ್ಟುಬಿಡಬಹುದಾಗಿದ್ದಿತು. ಕ್ಯಾಮರಾಕ್ಕೆ ಈ ವಿವೇಕವಿಲ್ಲ. ಅದು ಎದುರಿಗೆ ಬಿದ್ದುದನ್ನೆಲ್ಲಾ ಒಂದೇ ಸಮನಾಗಿ ಗ್ರಹಿಸುವುದು. ಆದುದರಿಂದ ಯಾವ ಗುರುತನ್ನು ತೋರಿಸಬೇಕೆಂಬುದನ್ನು ಚಿತ್ರ ತೆಗೆಯುವವನೇ ಮುಂಚಿತವಾಗಿ ತಿಳಿದಿರಬೇಕು. ಬಹುಮಾನ ಪಡೆಯುವ ಕೀಟಚಿತ್ರಗಳಲ್ಲಿ ಹಲವು, ಕಣ್ಣುಗಳು ಮಾತ್ರ ಥಳಥಳಿಸಿ ಉಳಿದ ಮೈಯೆಲ್ಲಾ ಮಂಜಿನಲ್ಲಿ ಕರಗಿದಂತಿರುವುವು. ನೋಡುವುದಕ್ಕೆ ಅವು ಬಹು ಸುಂದರವಾಗಿದ್ದರೂ, ಗುರುತಿಸುವ ಕಾರ್ಯಕ್ಕೆ ಒದಗುವುದು ವಿರಳ.

ಒಂದು ಉದಾಹರಣೆಯನ್ನು ವಿಸ್ತಾರವಾಗಿ ನೋಡೋಣ. ಅಮೆರಿಕಾ ಖಂಡಗಳಿಗೆ ಸೇರಿದ ಫಾಲ್ ಸೈನಿಕ ಹುಳುವು ೨೦೧೬ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡು, ೨೦೧೮ರಲ್ಲಿ ಶಿವಮೊಗ್ಗ ಸೀಮೆಯ ಮುಸುಕಿನ ಜೋಳದ ಹೊಲಗಳಲ್ಲಿ, ನಮ್ಮ ದೇಶದಲ್ಲಿಯೇ ಮೊಟ್ಟಮೊದಲ ಬಾರಿಗೆ ಪತ್ತೆಯಾಯಿತು. ಮುಸುಕಿನ ಜೋಳದ ಮೇಲೆ ಕಾಂಡಕೊರಕವೂ, ನಮ್ಮಲ್ಲಿ ಮೊದಲಿನಿಂದಲೂ ಇದ್ದ ಬೇರೆ ಸೈನಿಕ ಹುಳುಗಳೂ, ಹಸುರು ಕಾಯಿಕೊರಕವೂ ಬೀಳುವುದುಂಟು. ಬರಿಗಣ್ಣಿಗೆ ಇವೆಲ್ಲವೂ ಹೆಚ್ಚು ಕಡಿಮೆ ಒಂದೇ ಜಾತಿಯ ಮರಿಗಳಂತೆ ತೋರುವುವು. ಫಾಲ್ ಸೈನಿಕ ಹುಳುವಿನ ಗುರುತುಗಳು ಎರಡು. ತಲೆಯ ಮುಂಭಾಗದಲ್ಲಿ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂತೆ ಕಾಣುವ ತಿಳಿಬಣ್ಣದ ಗೆರೆಯು ಒಂದು. ಬಾಲದ ತುದಿಗೆ ಮುಂಚಿನ ಖಂಡದ ಬೆನ್ನಿನ ಮೇಲೆ ಚೌಕಾಕಾರವಾಗಿ ಕುಳಿತಿರುವ ನಾಲ್ಕು ಕಪ್ಪು ಚುಕ್ಕೆಗಳು ಇನ್ನೊಂದು. ಈ ಎರಡೂ ಗುರುತುಗಳು ಹುಳುವಿನ ಎರಡು ತುದಿಗಳಲ್ಲಿರುವುದರಿಂದ, ಮುಖಕ್ಕೆ ಎದುರಾಗಿ ಕ್ಯಾಮರಾವನ್ನು ಹಿಡಿದವನಿಗೆ ತಲೆಯು ಮಾತ್ರ ಸಿಕ್ಕಿ ಚುಕ್ಕೆಗಳು ಅಳಿಸಿಹೋಗುವುವು. ಆದ ಕಾರಣ ಒಂದು ಚಿತ್ರವನ್ನು ನೆತ್ತಿಯಿಂದ, ಕ್ಯಾಮರಾದ ಮುಖವು ಹುಳುವಿನ ಬೆನ್ನಿಗೆ ಸಮಾನಾಂತರವಾಗಿರುವಂತೆಯೂ, ಮತ್ತೊಂದನ್ನು ತಲೆಗೆ ಎದುರಾಗಿಯೂ ತೆಗೆಯತಕ್ಕದ್ದು. ಮೊಟ್ಟೆಯಿಂದ ಹೊರಬಿದ್ದ ಹೊಸದರಲ್ಲಿ ಮರಿಗಳ ಮೇಲೆ ಈ ಗುರುತುಗಳು ಸ್ಪಷ್ಟವಾಗಿರುವುದಿಲ್ಲ. ಆದುದರಿಂದ ಒಂದೇ ಸುಳಿಯ ಹುಳುವಿಗೆ ತೃಪ್ತರಾಗದೆ ಹೊಲದ ನಾಲ್ಕೈದು ಕಡೆ ಸುಳಿಗಳನ್ನು ಬಿಡಿಸಿ, ಸಿಕ್ಕಿದವುಗಳಲ್ಲಿ ದೊಡ್ಡದನ್ನು ಆರಿಸಿಕೊಳ್ಳುವುದು ಉತ್ತಮ. ಗುರುತಿಸುವುದಕ್ಕೆ ದೊಡ್ಡ ಹುಳು ಅನುಕೂಲ, ಔಷಧಕ್ಕೆ ಮಣಿಯುವುದು ಚಿಕ್ಕ ಹುಳು. ಇದೇ ಇಲ್ಲಿನ ತೊಡಕು, ಮತ್ತು ತಡಮಾಡದಿರುವುದಕ್ಕೆ ಕಾರಣ.

ಶತ್ರುವನ್ನು ತಿಳಿಯುವುದಕ್ಕಿಂತಲೂ ಮಿತ್ರನನ್ನು ತಿಳಿಯುವುದರಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಹಿಟ್ಟುತಿಗಣೆ ಹತ್ತಿದ ಗಿಡದ ಮೇಲೆ ಬಿಳಿಯ ಮೇಣದ ಎಳೆಗಳನ್ನು ಹೊದ್ದು ಹರಿದಾಡುವ ಮತ್ತೊಂದು ಹುಳುವು ಕೆಲವು ವೇಳೆ ಕಾಣುವುದು. ದೊಡ್ಡ ಹಿಟ್ಟುತಿಗಣೆಯೇ ಇದೆಂದು ತಿಳಿದು ಜನರು ಗಾಬರಿಪಡುವುದುಂಟು. ನಿಜವಾಗಿ ಇದು ಹಿಟ್ಟುತಿಗಣೆಗಳನ್ನು ತಿಂದು ಬದುಕುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಕಾಫಿ ಗಿಡದ ಕೀಟವನ್ನು ಅಡಗಿಸುವುದಕ್ಕಾಗಿ ೧೮೯೮ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತರಲ್ಪಟ್ಟ ಜಾತಿ. ಹಿಟ್ಟುತಿಗಣೆಯು ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚಾಗಿ ಬೆಳೆಯುವುದು ಅಪರೂಪ. ಈ ಮರಿಯಾದರೋ ಹತ್ತು ಮಿಲಿಮೀಟರಿಗೂ ಮೀರಿ ಬೆಳೆಯುವುದು. ಮೇಣದ ಎಳೆಗಳು ಉದ್ದವಾಗಿರುವುವು, ಕಾಲುಗಳು ಚುರುಕಾಗಿರುವುವು. ಪಕ್ಕದಿಂದ ತೆಗೆದ ಒಂದು ಚಿತ್ರ, ಮಗುಚಿ ಕಾಲುಗಳು ಕಾಣುವಂತೆ ತೆಗೆದ ಒಂದು ಚಿತ್ರ, ಜೊತೆಗೆ ಅಳತೆಪಟ್ಟಿ, ಇಷ್ಟಿದ್ದರೆ ಸಂದೇಹಕ್ಕೆ ಎಡೆಯಿಲ್ಲ. ಇದನ್ನು ತಿಳಿಯದೆ ಔಷಧ ಹೊಡೆದವನು ತನ್ನ ತೋಟದ ಕಾವಲುಗಾರನನ್ನು ತಾನೇ ಕೊಂದಂತಾಗುವುದು.

ಬದನೆ ಗಿಡದ ಮೇಲೆ ಇದಕ್ಕೆ ವಿರುದ್ಧವಾದ ಭ್ರಮೆಯುಂಟಾಗುವುದು. ಅಲ್ಲಿ ಎಲೆಯ ಹಸುರನ್ನು ಕೆರೆದು ತಿಂದು ಜಾಲರಿಯಂತೆ ಮಾಡುವ ಎಪಿಲಾಕ್ನಾ ಹುಳುವೂ ಗುಲಗಂಜಿ ಹುಳುವಿನ ಕುಲಕ್ಕೇ ಸೇರಿದುದು. ಅದರ ಬೆನ್ನು ಸಣ್ಣ ರೋಮಗಳಿಂದ ಕೂಡಿ ಮಂಕಾಗಿರುವುದು; ಹೇನುಗಳನ್ನು ತಿನ್ನುವ ಮಿತ್ರಜಾತಿಗಳ ಬೆನ್ನು ಸಾಮಾನ್ಯವಾಗಿ ನುಣುಪಾಗಿ ಹೊಳೆಯುವುದು. ಈ ವ್ಯತ್ಯಾಸವು ಚಿತ್ರದಲ್ಲಿ ಬರಬೇಕಾದರೆ ಬೆಳಕು ಹೇಗಿರಬೇಕೆಂಬುದನ್ನು ಮುಂದೆ ಹೇಳಲಾಗುವುದು.

ಉಪಕರಣಗಳು:— ವಸ್ತುವಿನ ನಿಜವಾದ ಅಳತೆಗೂ ಕ್ಯಾಮರಾದೊಳಗಣ ಫಲಕದ ಮೇಲೆ ಬೀಳುವ ಅದರ ಬಿಂಬದ ಅಳತೆಗೂ ಇರುವ ಪ್ರಮಾಣವೇ ಈ ವಿದ್ಯೆಯ ಮೂಲವು. ಎರಡೂ ಸಮನಾಗಿದ್ದರೆ ಅದನ್ನು ‘ಒಂದಕ್ಕೆ ಒಂದು’ ಎನ್ನುವರು. ೩೬ ಮಿ.ಮೀ. ಅಗಲದ ಫಲಕವುಳ್ಳ ಕ್ಯಾಮರಾದಲ್ಲಿ ಆಗ ೩೬ ಮಿ.ಮೀ. ಉದ್ದದ ಹುಳುವು ಚಿತ್ರದ ಅಗಲವನ್ನೆಲ್ಲಾ ತುಂಬುವುದು. ಚೆನ್ನಾಗಿ ಬೆಳೆದ ಸೈನಿಕ ಹುಳುವಿಗೆ ಇದು ಸರಿಯಾದ ಪ್ರಮಾಣ. ಆದರೆ ಮೆಣಸಿನ ಗಿಡದ ಥ್ರಿಪ್ಸಿನ ಉದ್ದವು ಸುಮಾರು ಒಂದು ಮಿಲಿಮೀಟರು ಮಾತ್ರ. ಚಿತ್ರದ ಅಗಲದಲ್ಲಿ ೬,೦೦೦ ಬಿಂದುಗಳಿದ್ದರೂ ಅದರ ಪಾಲಿಗೆ ಬರುವುವು ೧೭೦ಕ್ಕಿಂತ ಕಡಿಮೆ. ಅದೇ ಗಿಡದ ಹಳದಿ ನುಸಿಯ ಉದ್ದವು ಮಿಲಿಮೀಟರಿನ ಐದರಲ್ಲೊಂದು ಭಾಗವಷ್ಟೆ. ಅದಕ್ಕೆ ಮೂವತ್ತು ಬಿಂದುಗಳು ಸಿಕ್ಕಿದರೆ ಹೆಚ್ಚು. ಎಂತಹ ಬೆಲೆಯ ಕ್ಯಾಮರಾವಾದರೂ ಈ ಲೆಕ್ಕವನ್ನು ಮೀರಲಾರದು.

ಹಣವುಳ್ಳವರು ಇದಕ್ಕೆಂದೇ ಮಾಡಿದ ಮ್ಯಾಕ್ರೊ ಲೆನ್ಸನ್ನು ಕೊಳ್ಳಬಹುದು. ಅವುಗಳಲ್ಲಿ ೧೦೦ ಮಿ.ಮೀ. ಸಂಗಮದೂರದ್ದು ನಮ್ಮ ಕೆಲಸಕ್ಕೆ ಒಪ್ಪುವುದು. ಪೂರ್ಣಪ್ರಮಾಣದಲ್ಲಿ ತೆಗೆಯುವಾಗ ಲೆನ್ಸಿನ ಬಾಯಿಗೂ ಹುಳುವಿಗೂ ನಡುವೆ ಹದಿಮೂರು ಹದಿನೈದು ಸೆಂಟಿಮೀಟರುಗಳ ತೆರಪು ಉಳಿಯುವುದರಿಂದ ಹುಳುವು ಬೆದರುವುದು ಕಡಿಮೆ, ನೆರಳೂ ಬೀಳದು. ಸಾಧಾರಣ ಲೆನ್ಸಿರುವವರು ಅದಕ್ಕೂ ಕ್ಯಾಮರಾಕ್ಕೂ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಎಂಬ ಗಾಜಿಲ್ಲದ ಬಳೆಗಳನ್ನು ಸೇರಿಸಬಹುದು. ೫೦ ಮಿ.ಮೀ. ಲೆನ್ಸಿಗೆ ೫೦ ಮಿ.ಮೀ. ಬಳೆಯನ್ನು ಸೇರಿಸಿದರೆ ‘ಒಂದಕ್ಕೆ ಒಂದು’ ಪ್ರಮಾಣವು ಬರುವುದು, ೨೫ ಮಿ.ಮೀ. ಸೇರಿಸಿದರೆ ಅರ್ಧ. ಒಳಗೆ ಗಾಜಿಲ್ಲದ್ದರಿಂದ ಅಗ್ಗದ ಬಳೆಯೂ ದುಬಾರಿಯ ಬಳೆಯೂ ಚಿತ್ರದ ಮಟ್ಟಿಗೆ ಒಂದೇ. ಈ ವಿಧಾನಗಳಲ್ಲಿ ಬೆಳಕು ಬಹಳ ಕುಗ್ಗುವುದೆಂಬುದನ್ನು ಮರೆಯಬಾರದು. ಪೂರ್ಣಪ್ರಮಾಣದಲ್ಲಿ ಫಲಕದ ಮೇಲೆ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುವುದು.

ಬಹುಮಂದಿ ವ್ಯವಸಾಯಗಾರರಲ್ಲಿರುವುದು ಫೋನು ಮಾತ್ರ. ಅದಕ್ಕೆ ಹತ್ತು ಪಟ್ಟಿನ ಭೂತಗನ್ನಡಿಯೊಂದನ್ನು ಸೇರಿಸಿದರೆ ಥ್ರಿಪ್ಸು, ಹೇನು, ಹುಳುವಿನ ಮೊಟ್ಟೆ ಮೊದಲಾದುವುಗಳ ಚಿತ್ರವನ್ನು ಧಾರಾಳವಾಗಿ ತೆಗೆಯಬಹುದು. ಗಡಿಯಾರ ರಿಪೇರಿಯವರೂ ಅಕ್ಕಸಾಲಿಗರೂ ಉಪಯೋಗಿಸುವ ಸಣ್ಣ ಗಾಜು ಆದೀತು. ಅದನ್ನು ಫೋನಿನ ಲೆನ್ಸಿಗೆ ಸರಿಯಾಗಿ ಒತ್ತಿ ಹಿಡಿದು, ಇಲ್ಲವೆ ರಬ್ಬರು ಬಳೆಯಿಂದ ಕಟ್ಟಿ, ಹುಳುವಿನಿಂದ ಎರಡೂವರೆ ಸೆಂಟಿಮೀಟರು, ಅಂದರೆ ಒಂದು ಅಂಗುಲ ದೂರದಲ್ಲಿರಿಸಬೇಕು. ಹತ್ತು ಪಟ್ಟಿನ ಗಾಜಿನ ಸಂಗಮದೂರವು ಅಷ್ಟೇ ಆದುದರಿಂದ, ಹೆಚ್ಚು ದೂರದಲ್ಲಾಗಲಿ ಕಡಿಮೆಯಲ್ಲಾಗಲಿ ಚಿತ್ರವು ತೀಕ್ಷ್ಣವಾಗದು. ಗಾಜಿನ ನಡುಭಾಗವು ಮಾತ್ರ ಸ್ಪಷ್ಟವಾಗಿ ತೋರಿಸುವುದು, ಅಂಚಿನಲ್ಲಿ ಬಿಂಬವು ಸೊಟ್ಟಾಗುವುದು. ಹುಳುವನ್ನು ನಡುವೆಯೇ ಇಟ್ಟುಕೊಳ್ಳಬೇಕು. ಪರದೆಯ ಮೇಲೆ ಎರಡು ಬೆರಳುಗಳನ್ನು ಅಗಲಿಸಿ ಚಿತ್ರವನ್ನು ಹಿಗ್ಗಿಸುವ ಅಭ್ಯಾಸವು ಒಳ್ಳೆಯದಲ್ಲ. ಅದರಿಂದ ಹೊಸ ವಿವರವೇನೂ ಸೇರದು, ಇರುವುದೇ ಒರಟಾಗುವುದು.

ತೀಕ್ಷ್ಣತೆಯ ಆಳ:— ಸಮೀಪಚಿತ್ರದ ದೊಡ್ಡ ಕಷ್ಟವು ಇದೇ. ಪೂರ್ಣಪ್ರಮಾಣದಲ್ಲಿ, ಲೆನ್ಸಿನ ಕಂಡಿಯನ್ನು ಎಫ್ ೧೧ಕ್ಕೆ ಕಿರಿದಾಗಿಸಿದರೂ, ಮುಂದಿನಿಂದ ಹಿಂದಕ್ಕೆ ಸುಮಾರು ಒಂದೂಕಾಲು ಮಿಲಿಮೀಟರಿನಷ್ಟು ಆಳವು ಮಾತ್ರ ಸ್ಪಷ್ಟವಾಗುವುದು. ರಾಗಿ ಕಾಳೊಂದರ ದಪ್ಪವೇ ಹೆಚ್ಚುಕಡಿಮೆ ಅಷ್ಟಿರುವುದೆಂದರೆ ಇದು ಎಷ್ಟು ಅಲ್ಪವೆಂಬುದು ತಿಳಿಯುವುದು. ಹಾಗಾದರೆ ಕಂಡಿಯನ್ನು ಇನ್ನೂ ಕಿರಿದಾಗಿಸಬಾರದೇ ಎಂದು ಕೇಳಬಹುದು. ಕಿರಿದಾಗಿಸಬಹುದು, ಆದರೆ ಪೂರ್ಣಪ್ರಮಾಣದಲ್ಲಿ ಎಫ್ ೧೬ ಎಂಬುದು ಪರಿಣಾಮದಲ್ಲಿ ಎಫ್ ೩೨ ಆಗುವುದರಿಂದ, ಸಣ್ಣ ಕಂಡಿಯ ಮೂಲಕ ಹಾಯುವ ಬೆಳಕು ಚದರಿ ಚಿತ್ರವೆಲ್ಲವೂ ಮೆತ್ತಗಾಗುವುದು. ಎಫ್ ೮ರಿಂದ ೧೧ರವರೆಗೆ ಇಟ್ಟುಕೊಂಡು, ಅಲ್ಪವಾದ ಆಳವನ್ನೇ ವಿವೇಕದಿಂದ ಉಪಯೋಗಿಸುವುದು ಮೇಲು. ವಿವೇಕವೆಂದರೆ, ತೋರಿಸಬೇಕಾದ ಗುರುತುಗಳೆಲ್ಲವೂ ಒಂದೇ ಮಟ್ಟದಲ್ಲಿ ಬರುವಂತೆ ಕ್ಯಾಮರಾವನ್ನು ಓರೆಮಾಡಿಕೊಳ್ಳುವುದು. ಸೈನಿಕ ಹುಳುವನ್ನು ಬೆನ್ನಿಗೆ ಸಮಾನಾಂತರವಾಗಿ ತೆಗೆಯಬೇಕೆಂದು ಹೇಳಿದುದು ಈ ಕಾರಣದಿಂದಲೇ. ಚಿಟ್ಟೆಯು ರೆಕ್ಕೆ ಮಡಿಸಿ ಕುಳಿತಾಗ ಪಕ್ಕದಿಂದಲೂ, ರೆಕ್ಕೆ ಹರಡಿದಾಗ ಮೇಲಿನಿಂದಲೂ ತೆಗೆಯುವುದಕ್ಕೆ ಇದೇ ನ್ಯಾಯವು ಅನ್ವಯಿಸುವುದು.

ಇಷ್ಟು ಸಮೀಪದಲ್ಲಿ ಕ್ಯಾಮರಾವೇ ತಾನಾಗಿ ತೀಕ್ಷ್ಣಗೊಳಿಸುವಂತೆ ಬಿಟ್ಟರೆ ಅದು ಹಿಂದುಮುಂದಾಗಿ ತಡಕಾಡುವುದು. ಆ ಏರ್ಪಾಡನ್ನು ನಿಲ್ಲಿಸಿ, ಬೇಕಾದ ಪ್ರಮಾಣಕ್ಕೆ ಲೆನ್ಸನ್ನು ತಿರುಗಿಸಿಟ್ಟು, ಮೈಯನ್ನೇ ಕೂದಲೆಳೆಯಷ್ಟು ಮುಂದಕ್ಕೂ ಹಿಂದಕ್ಕೂ ತೂಗುತ್ತಾ, ಗುರುತು ಸ್ಪಷ್ಟವಾದ ಕ್ಷಣದಲ್ಲಿ ಒತ್ತಬೇಕು. ಹತ್ತು ಸಲ ಒತ್ತಿದರೆ ಎರಡು ಚಿತ್ರಗಳು ಸರಿಯಾಗುವುವು. ಪಳಗಿದವರ ಕೈಯಲ್ಲೂ ಇದಕ್ಕಿಂತ ಬಹಳ ಹೆಚ್ಚಾಗಲಾರದು. ಮೊಣಕೈಯನ್ನು ಮೊಣಕಾಲಿನ ಮೇಲೆ ಊರಿಕೊಂಡರೆ ನಡುಕವು ಕಡಿಮೆಯಾಗುವುದು. ತೀಕ್ಷ್ಣತೆಯ ಮಟ್ಟವನ್ನು ಸ್ವಲ್ಪ ಸ್ವಲ್ಪವಾಗಿ ಸರಿಸುತ್ತಾ ಹಲವು ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿ ಕೂಡಿಸುವ ವಿಧಾನವೂ ಉಂಟು. ಸತ್ತ ಹುಳು, ಮೊಟ್ಟೆ, ಕೋಣೆಯೊಳಗಿನ ಹೂವು, ಇವುಗಳಿಗೆ ಅದು ಒಪ್ಪುವುದು. ಗಾಳಿಯಲ್ಲಿ ತೂಗುವ ತೆನೆಯ ಮೇಲೆ ಅದನ್ನು ನಡೆಸಲಾಗದು.

ಕಾಲ ಮತ್ತು ಬೆಳಕು:— ಹುಳುಗಳ ಮೈಯ ಬಿಸಿಯು ಬಹುಮಟ್ಟಿಗೆ ಸುತ್ತಣ ಗಾಳಿಯ ಬಿಸಿಯನ್ನು ಅನುಸರಿಸುವುದರಿಂದ, ಮುಂಜಾನೆಯ ತಂಪಿನಲ್ಲಿ ಅವು ಜಡವಾಗಿರುವುವು. ಬೆಳಗಾದ ಮೇಲಣ ಮೊದಲ ಒಂದು ಗಂಟೆಯೇ ಪ್ರಶಸ್ತವಾದುದು. ಸಾಮಾನ್ಯವಾಗಿ ಗಾಳಿಯೂ ಆಗ ಎದ್ದಿರುವುದಿಲ್ಲ. ಆದರೆ ಎಲೆಯ ಮೇಲೆ ಇಬ್ಬನಿ ಇದ್ದಲ್ಲಿ, ಅದರ ಹನಿಯು ಹುಳುವಿನ ಗುರುತನ್ನು ಮುಚ್ಚಿದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಹನಿಗಳು ಚಿತ್ರಕ್ಕೆ ಅಂದವನ್ನು ತರುವುವು, ನಿಜ; ನಮ್ಮ ಕೆಲಸಕ್ಕೆ ಅವು ಅಡ್ಡಿ.

ನಡುಹಗಲಿನ ಬಿಸಿಲು ಹೊಳೆಯುವ ಬೆನ್ನಿನ ಮೇಲೆ ಬಿಳಿಯ ಮಚ್ಚೆಯನ್ನೂ ಹೊಟ್ಟೆಯ ಕೆಳಗೆ ಕಾಡಿಗೆಯಂತಹ ನೆರಳನ್ನೂ ಉಂಟುಮಾಡುವುದು. ಒಬ್ಬರು ಬಿಳಿಯ ಪಂಚೆಯನ್ನು ಮೇಲೆ ಹಿಡಿದರೆ ಬೆಳಕು ಮೃದುವಾಗಿ ಹರಡುವುದು. ಎದುರುಗಡೆ ಒಂದು ಬಿಳಿಯ ಕಾಗದವನ್ನು ಒಡ್ಡಿದರೆ ನೆರಳು ತಿಳಿಯಾಗುವುದು. ಮಿಂಚುದೀಪವನ್ನು ಉಪಯೋಗಿಸುವವರು ಅದರ ಮುಂದೆಯೂ ತೆಳ್ಳಗಿನ ಬಿಳಿಯ ಕಾಗದವನ್ನು ಕಟ್ಟಬೇಕು. ಅದರ ಬೆಳಕು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಅಥವಾ ಇನ್ನೂ ಕಡಿಮೆ ಕಾಲವಿದ್ದು ಅಡಗುವುದರಿಂದ ಕೈನಡುಕವೂ ಗಾಳಿಯ ತೂಗಾಟವೂ ಚಿತ್ರದಲ್ಲಿ ತೋರವು. ಎಪಿಲಾಕ್ನಾದ ಮಂಕು ಬೆನ್ನಿಗೂ ಮಿತ್ರಜಾತಿಯ ನುಣುಪು ಬೆನ್ನಿಗೂ ಇರುವ ಭೇದವನ್ನು ತೋರಿಸಬೇಕಾದಾಗ ಮಾತ್ರ, ಮೃದುವಾದ ಬೆಳಕನ್ನು ಒಂದೇ ಪಕ್ಕದಿಂದ, ತಗ್ಗಾಗಿ ಬೀಳಿಸಬೇಕು. ಆಗ ರೋಮಗಳು ಒಂದೊಂದಾಗಿ ಎದ್ದು ಕಾಣುವುವು.

ಹೂವುಗಳು:— ಹೂವು ಓಡಿಹೋಗದೆಂಬುದು ಒಂದು ಸಮಾಧಾನ. ಆದರೆ ಅದು ಹುಳುವಿಗಿಂತ ಹೆಚ್ಚು ತೂಗಾಡುವುದು. ಪಕ್ಕದಲ್ಲಿ ಒಂದು ಕಡ್ಡಿಯನ್ನು ನೆಟ್ಟು, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ತೊಟ್ಟನ್ನು ಮೆಲ್ಲಗೆ ಹಿಡಿಸಿದರೆ ಸಾಕು. ಬಿಳಿಯ ಹೂವಿನ ಹಿಂದೆ ಕಪ್ಪು ನೆಲವಿದ್ದಾಗ ಕ್ಯಾಮರಾವು ಮೋಸಹೋಗಿ ಹೆಚ್ಚು ಬೆಳಕನ್ನು ಒಳಬಿಡುವುದರಿಂದ ದಳಗಳು ಸುಣ್ಣ ಬಳಿದಂತಾಗುವುವು. ಬೆಳಕಿನ ಪ್ರಮಾಣವನ್ನು ಕೈಯಿಂದಲೇ ಒಂದು ಮೆಟ್ಟಲಿನಷ್ಟು ತಗ್ಗಿಸಬೇಕು.

ಬದನೆಯ ಹೂವನ್ನು ಮೇಲಿನಿಂದ ತೆಗೆದ ಚಿತ್ರವು ಗೋಡೆಗೆ ತೂಗುಹಾಕಲು ಚೆನ್ನ. ಬೇಸಾಯಕ್ಕೆ ಬೇಕಾದುದು ಪಕ್ಕದಿಂದ ತೆಗೆದ ಚಿತ್ರ. ಅದರ ನಡುವೆ ಹಳದಿಯ ಕೇಸರಗಳು ಗೋಪುರದಂತೆ ಕೂಡಿಕೊಂಡಿರುವುವು. ಅವುಗಳ ನಡುವಿನಿಂದ ಹೆಣ್ಣುಭಾಗವಾದ ಶಲಾಕೆಯು ಹೊರಡುವುದು. ಕೆಲವು ಹೂವುಗಳಲ್ಲಿ ಶಲಾಕೆಯು ಗೋಪುರವನ್ನು ಮೀರಿ ಹೊರಚಾಚಿರುವುದು, ಕೆಲವುಗಳಲ್ಲಿ ಒಳಗೇ ಅಡಗಿರುವುದು. ಉದ್ದವಾದ ಶಲಾಕೆಯ ಹೂವುಗಳೇ ಚೆನ್ನಾಗಿ ಕಾಯಿಕಟ್ಟುವುವು. ಗಿಡ್ಡ ಶಲಾಕೆಯವು ಸಾಮಾನ್ಯವಾಗಿ ಉದುರಿಹೋಗುವುವು. ಹೂವುದುರುವುದನ್ನು ಕಂಡು ರೋಗವೆಂದು ಔಷಧದ ಅಂಗಡಿಗೆ ಓಡುವುದಕ್ಕೆ ಮುಂಚೆ, ಹತ್ತಿಪ್ಪತ್ತು ಹೂವುಗಳನ್ನು ಪಕ್ಕದಿಂದ ಚಿತ್ರ ತೆಗೆದು ಎಣಿಸಿ ನೋಡಿದರೆ ಎಷ್ಟೋ ವೇಳೆ ಕಾರಣವು ಅಲ್ಲಿಯೇ ತಿಳಿಯುವುದು. ಕೇಸರದ ತುದಿಯನ್ನು ಇನ್ನೂ ಸಮೀಪದಿಂದ ನೋಡಿದರೆ ಸಣ್ಣ ರಂಧ್ರಗಳು ಕಾಣುವುವು. ಪರಾಗವು ಹೊರಬೀಳುವುದು ಈ ರಂಧ್ರಗಳಿಂದಲೇ. ಮರ ಕೊರೆದು ಗೂಡು ಮಾಡುವ ದೊಡ್ಡ ಕರಿಯ ದುಂಬಿಯು ಹೂವನ್ನು ತಬ್ಬಿ ಝೇಂಕರಿಸಿದಾಗ, ಆ ಅದಿರಾಟಕ್ಕೆ ಪರಾಗವು ಉಪ್ಪಿನ ಪುಡಿಯಂತೆ ಉದುರುವುದು. ಜೇನುನೊಣಕ್ಕೆ ಈ ರೀತಿ ಅದಿರಿಸುವ ಶಕ್ತಿಯಿಲ್ಲ. ಹೀಗಿರುವುದರಿಂದ ಬದನೆಯ ತಾಕಿನ ಬದಿಯಲ್ಲಿರುವ ಒಣಮರದ ತುಂಡುಗಳನ್ನೆಲ್ಲಾ ಸೌದೆಗೆ ಸಾಗಿಸುವವರು ಸ್ವಲ್ಪ ಯೋಚಿಸಬೇಕು.

ಮೆಣಸಿನಕಾಯಿಯ ವಿಷಯದಲ್ಲಿ ಹೂವು, ಎಲೆ ಎರಡನ್ನೂ ತೆಗೆಯುವುದು ಅಗತ್ಯ. ಎಲೆಯ ಅಂಚು ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸಿನ ಕಾಟವೆಂದೂ, ಕೆಳಕ್ಕೆ ಮುದುಡಿದ್ದರೆ ನುಸಿಯ ಕಾಟವೆಂದೂ ಸಾಧಾರಣವಾಗಿ ಊಹಿಸಬಹುದು. ನೇರವಾಗಿ ಮೇಲಿನಿಂದ ತೆಗೆದ ಚಿತ್ರದಲ್ಲಿ ಮುದುಡಿದ ದಿಕ್ಕೇ ತಿಳಿಯದು. ಎಲೆಯ ಮಟ್ಟಕ್ಕೆ ಬಗ್ಗಿ ಅಂಚಿನ ಕಡೆಯಿಂದ ತೆಗೆಯಬೇಕು. ನುಸಿಗೆ ಎಂಟು ಕಾಲುಗಳು, ಅದು ಕೀಟವೇ ಅಲ್ಲ. ಒಂದಕ್ಕೆ ಹಾಕುವ ಔಷಧವು ಇನ್ನೊಂದಕ್ಕೆ ತಾಗದೆ ಹೋಗುವುದುಂಟು. ೨೦೨೧ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಬೆಳೆಗೆ ಬಹಳ ಹಾನಿಯನ್ನುಂಟುಮಾಡಿದ ಕಪ್ಪು ಥ್ರಿಪ್ಸು ಹೂವಿನೊಳಗೆ ಗುಂಪಾಗಿ ಸೇರುವ ಜಾತಿಯಾದುದರಿಂದ, ಎಲೆಯನ್ನು ಮಾತ್ರ ನೋಡಿದವರಿಗೆ ಅದರ ಪ್ರಮಾಣವು ಗೊತ್ತಾಗದು. ಹೂವನ್ನು ಬಿಳಿಯ ಕಾಗದದ ಮೇಲೆ ತಟ್ಟಿ, ಉದುರಿದ ಹುಳುಗಳನ್ನು ಭೂತಗನ್ನಡಿಯ ಮೂಲಕ ಚಿತ್ರ ತೆಗೆಯುವುದು ಸುಲಭೋಪಾಯ.

ಚಿತ್ರಗಳನ್ನು ಕಳುಹಿಸುವ ಬಗೆ:— ಒಂದೇ ಚಿತ್ರವನ್ನು ಕಳುಹಿಸಿದರೆ ಸಾಲದು. ಮೊದಲು ತಾಕಿನ ನೋಟ, ಅನಂತರ ಇಡೀ ಗಿಡ, ಆಮೇಲೆ ಹಾನಿಯಾದ ಭಾಗ, ಕೊನೆಗೆ ಹುಳುವಿನ ಸಮೀಪಚಿತ್ರಗಳು, ಹೀಗೆ ಕ್ರಮವಾಗಿ ತೆಗೆಯಬೇಕು. ಎಲೆಯ ಅಡಿಭಾಗವನ್ನು ಮರೆಯಬಾರದು. ಬಹಳ ಹುಳುಗಳ ವಾಸವು ಅಲ್ಲಿಯೇ. ಒಂದು ಚಿತ್ರದಲ್ಲಾದರೂ ಮಿಲಿಮೀಟರು ಗೆರೆಗಳಿರುವ ಅಳತೆಪಟ್ಟಿಯು ಹುಳುವಿನ ಪಕ್ಕದಲ್ಲಿ, ಅದರ ಮಟ್ಟದಲ್ಲಿಯೇ ಇರಬೇಕು. ನಾಣ್ಯವನ್ನಿಡುವುದು ವಾಡಿಕೆಯಾದರೂ, ಒಂದು ರೂಪಾಯಿಯ ನಾಣ್ಯಗಳೇ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಅಳತೆಯಲ್ಲಿ ಬಂದಿರುವುದರಿಂದ ಅದನ್ನು ನಂಬಲಾಗದು. ವಾಟ್ಸ್‌ಆ್ಯಪಿನಲ್ಲಿ ಚಿತ್ರವೆಂದು ಕಳುಹಿಸಿದರೆ ಅದು ದಾರಿಯಲ್ಲಿ ಕುಗ್ಗಿ ಸಣ್ಣ ಗುರುತುಗಳು ಮಾಯವಾಗುವುವು; ‘ಡಾಕ್ಯುಮೆಂಟ್’ ಎಂಬುದನ್ನು ಆರಿಸಿ ಕಳುಹಿಸಿದರೆ ಇದ್ದಂತೆಯೇ ತಲಪುವುದು. ಬೆಳೆ, ತಳಿ, ಬಿತ್ತನೆಯ ದಿನ, ಚಿತ್ರ ತೆಗೆದ ದಿನ, ಈಗಾಗಲೇ ಹೊಡೆದಿರುವ ಔಷಧ, ಇವುಗಳನ್ನು ನಾಲ್ಕು ಸಾಲಿನಲ್ಲಿ ಬರೆಯತಕ್ಕದ್ದು. ಔಷಧ ಹೊಡೆದಿದ್ದರೂ ಇಲ್ಲವೆಂದು ಬರೆಯುವುದರಿಂದ ಯಾರಿಗೂ ಲಾಭವಿಲ್ಲ.

ಮೈಮೇಲೆ ರೋಮವುಳ್ಳ ಕಂಬಳಿಹುಳುಗಳನ್ನು ಬರಿಗೈಯಿಂದ ಮುಟ್ಟದೆ ಕಡ್ಡಿಯಿಂದ ಸರಿಸಬೇಕು. ಔಷಧ ಸಿಂಪಡಿಸಿದ ತಾಕಿಗೆ, ಅದರ ಡಬ್ಬಿಯ ಮೇಲೆ ಸೂಚಿಸಿರುವ ಅವಧಿಯು ಕಳೆಯುವವರೆಗೆ ಚಿತ್ರದ ನೆಪದಿಂದಲೂ ಹೋಗಕೂಡದು. ಎಲೆಗೆ ಮುಖವನ್ನು ತಾಗಿಸುವಷ್ಟು ಬಗ್ಗಿ ಮಾಡುವ ಕೆಲಸವಿದು. ಸಿಂಪಡಿಸುವುದಕ್ಕೆ ಮುಂಚಿನ ದಿನ ಬೆಳಿಗ್ಗೆ ಒಂದು ಸಾರಿ, ಆ ಅವಧಿಯು ಮುಗಿದ ಮೇಲೆ ಅದೇ ಗಿಡಗಳಲ್ಲಿ ಮತ್ತೊಂದು ಸಾರಿ ತೆಗೆದು, ತಾರೀಖಿನೊಡನೆ ಇಟ್ಟುಕೊಂಡರೆ, ಔಷಧವು ಕೆಲಸ ಮಾಡಿತೋ ಇಲ್ಲವೋ ಎಂಬುದಕ್ಕೆ ಅಂಗಡಿಯವನ ಮಾತನ್ನು ಕೇಳಬೇಕಾಗಿಲ್ಲ.